ತಿಥಿ ಹೇಳದೆ ಬರುವ ಅತಿಥಿಗೆ: ಕರ್ತನ ಬರೋಣಕ್ಕೆ ತಯಾರಾಗುವ ಬಗೆ

ಹುಬ್ಬಳ್ಳಿಯಿಂದ ಮೌಶಿ ಫೋನ್ ಮಾಡಿದ್ದು 2025ರ ಸೆಪ್ಟೆಂಬರ್ ಮೂರನೇ ವಾರದಲ್ಲಿ. "ತಮ್ಮಾ, 23ನೇ ತಾರೀಖಿಗೆ ಎಲ್ಲಾ ಮುಗಿತೈತಿ ಅಂತ ಮೊಬೈಲ್‌ನಾಗ ಬಂದೈತಿ. ಈ ತಿಂಗಳದ ಚೀಟಿ ಕಂತು ಕಟ್ಟಲೋ, ಬಿಡಲೋ?" ಸೆಪ್ಟೆಂಬರ್ 23–24ಕ್ಕೆ ಕರ್ತನಾದ ಯೇಸು ಮತ್ತೆ ಬಂದು ತನ್ನವರನ್ನು ಮೇಲಕ್ಕೆ ಎತ್ತಿಕೊಳ್ಳುತ್ತಾನೆ ಎಂದು ದಕ್ಷಿಣ ಆಫ್ರಿಕಾದ ಬೋಧಕರೊಬ್ಬರು ಹೇಳಿದ ವಿಡಿಯೊ ದೇಶದೇಶ ಸುತ್ತಿ, ಕೊನೆಗೆ ಅವಳ ವಾಟ್ಸಾಪಿಗೂ ಬಂದು ಇಳಿದಿತ್ತು.

"ಕಟ್ಟು ಮೌಶಿ" ಅಂದೆ. 25ಕ್ಕೆ ಅವಳೇ ಮತ್ತೆ ಫೋನ್ ಮಾಡಿ, ಕಂತು ಕಟ್ಟಿದ್ದು ಚಲೋ ಆಯಿತು ಎಂದು ನಕ್ಕಳು. ಆದರೆ ಫೋನ್ ಇಡುವ ಮುಂಚೆ ಅವಳು ಕೇಳಿದ್ದು ನಕ್ಕು ಬಿಡುವ ಮಾತಾಗಿರಲಿಲ್ಲ. "ತಾರೀಖು ಸುಳ್ಳಾತು, ಖರೆ. ಆದ್ರ ಬರೂದು ಸುಳ್ಳಲ್ಲಲ್ಲ? ತಯಾರಿ ಅಂದ್ರ ಏನ್ ಮಾಡಬೇಕು, ಅದನ್ನ ಹೇಳು."

ಅವತ್ತು ನನಗೆ ನೆಟ್ಟಗೆ ಉತ್ತರ ಹೇಳಲು ಬರಲಿಲ್ಲ. ಈ ಬರಹ ಅವಳಿಗೆ ಕೊಡಬೇಕಾಗಿದ್ದ ಉತ್ತರ. ನಾನು ಸಭಾಪಾಲಕನಲ್ಲ. ಹಲವು ವರ್ಷ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳಿದವನು, ಅಷ್ಟೇ. ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆ ಮೊದಲೋ ಬರೋಣ ಮೊದಲೋ, ವಿಶ್ವಾಸಿಗಳು ಎತ್ತಲ್ಪಡುವುದು ಅಂತ್ಯದ ಸಂಕಟಕಾಲಕ್ಕೆ ಮುಂಚೆಯೋ ಆಮೇಲೋ ಎಂಬ ಚರ್ಚೆಯಲ್ಲಿ ಕ್ರೈಸ್ತ ಸಭೆಗಳಿಗೆ ಸಭೆಗಳೇ ಒಮ್ಮತಕ್ಕೆ ಬಂದಿಲ್ಲ. ಅದಕ್ಕೆ ಇಲ್ಲಿ ಕೈ ಹಾಕುವುದಿಲ್ಲ. ಯಾವ ಉತ್ತರ ಸರಿಯಾದರೂ ನಾಳೆ ಬೆಳಿಗ್ಗೆ ಎದ್ದು ಮಾಡಬೇಕಾದ ಕೆಲಸ ಒಂದೇ.

ಅತಿಥಿ ಎಂಬ ಮಾತನ್ನು ನಮ್ಮ ಹಿರಿಯರು ಬಿಡಿಸುವುದು ಹೀಗೆ: ತಿಥಿ ಇಲ್ಲದೆ ಬರುವವನು. ಮುಂಚೆ ಹೇಳಿ ಕಳಿಸಿ ಬರುವವರು ನೆಂಟರು. ಅವರಿಗಾದರೆ ಹಿಂದಿನ ದಿನ ಮನೆ ಸಾರಿಸಿದರೂ ನಡೆಯುತ್ತದೆ. ಅತಿಥಿಗೆ ಹಾಗಲ್ಲ, ದಿನಾ ಸಾರಿಸಿರಬೇಕು. ನಮ್ಮ ಅಜ್ಜಿ ರಾತ್ರಿ ಎಲ್ಲರ ಊಟ ಆದ ಮೇಲೂ ಬುಟ್ಟಿಯಲ್ಲಿ ಎರಡು ಜೋಳದ ರೊಟ್ಟಿ ಉಳಿಸಿಯೇ ಮಲಗುತ್ತಿದ್ದಳು. ಯಾರಿಗೆ ಎಂದು ಕೇಳಿದರೆ, "ಯಾರ ಬರ್ತಾರಂತ ಗೊತ್ತಿದ್ದರ ನಾಕು ಮಾಡ್ತಿದ್ದೆ" ಅನ್ನುವಳು.

ಮೊದಲು ಪಂಚಾಂಗ ಮುಚ್ಚಿರಿ

ಒಂದು ಸಂಜೆ ಬಿಡುವು ಮಾಡಿಕೊಂಡು ಮತ್ತಾಯನ ಸುವಾರ್ತೆಯ 24 ಮತ್ತು 25ನೇ ಅಧ್ಯಾಯಗಳನ್ನು ಒಂದೇ ಬೈಠಕ್ಕಿನಲ್ಲಿ ಓದಿರಿ. ಕೈಯಲ್ಲೊಂದು ಪೆನ್ಸಿಲ್ ಇರಲಿ. ನಾವು ಸಾಮಾನ್ಯವಾಗಿ 24ನೇ ಅಧ್ಯಾಯದ ಮೊದಲ ಅರ್ಧ ಓದಿ ನಿಲ್ಲಿಸುತ್ತೇವೆ: ಯುದ್ಧಗಳು, ಬರಗಳು, ಭೂಕಂಪಗಳು. ಪ್ರವಾದನೆಯ ವಿಡಿಯೊ ಮಾಡುವವರ ಬಂಡವಾಳವೂ ಅಷ್ಟೇ. ಆದರೆ ಆ ಭಾಗದಲ್ಲೇ ಯೇಸು, ಇವೆಲ್ಲಾ ಆಗಬೇಕು, ಆದರೂ ಇದು ಅಂತ್ಯವಲ್ಲ, ಕಳವಳಪಡಬೇಡಿರಿ ಎನ್ನುತ್ತಾರೆ. ಆ ಸಾಲಿನ ಕೆಳಗೆ ಗೀಟು ಹಾಕಿರಿ. ಮುಂದೆ 36ನೇ ವಚನ: ಆ ದಿನ, ಆ ಗಳಿಗೆ ದೂತರಿಗೂ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ, ತಂದೆಗೆ ಮಾತ್ರ ಗೊತ್ತು. ಅಲ್ಲಿಂದ ಮುಂದಕ್ಕೆ ಒಂದರ ಹಿಂದೆ ಒಂದು ಸಾಮ್ಯ, ಅಂದರೆ ಹೋಲಿಕೆಯ ಕತೆಗಳು, ಬರುತ್ತವೆ. ನೋಹನ ದಿನಗಳು, ಮನೆಗೆ ಕನ್ನ ಹಾಕುವ ಕಳ್ಳ, ಯಜಮಾನ ಮನೆ ಒಪ್ಪಿಸಿ ಹೋದ ಆಳು, ಹತ್ತು ಮಂದಿ ಕನ್ಯೆಯರು, ಆಳುಗಳಿಗೆ ಒಪ್ಪಿಸಿದ ತಲಾಂತು ಎಂಬ ಹಣ, ಕುರಿ ಮತ್ತು ಆಡು. ಒಂದೊಂದರ ಪಕ್ಕದಲ್ಲೂ, ಇಲ್ಲಿ ತಯಾರಿ ಎಂದರೆ ಏನು ಕೆಲಸ ಎಂದು ಬರೆದುಕೊಳ್ಳಿರಿ. ದಿನಾಂಕ ಲೆಕ್ಕ ಹಾಕುವ ಕೆಲಸ ಒಂದರಲ್ಲೂ ಇಲ್ಲ. ಊಟ ಬಡಿಸುವುದು, ಎಣ್ಣೆ ತುಂಬಿಸುವುದು, ಕೊಟ್ಟ ದುಡ್ಡನ್ನು ದುಡಿಸುವುದು, ಬಾಯಾರಿದವನಿಗೆ ನೀರು ಕೊಡುವುದು. ನಿಮ್ಮ ಪೆನ್ಸಿಲ್ ಬರೆದ ಈ ಪಟ್ಟಿಯೇ ಈ ಲೇಖನದ ಉಳಿದ ಭಾಗ.

ಲೆಕ್ಕ ಹಾಕಿದವರ ಕತೆಯನ್ನು ಒಮ್ಮೆ ಕೇಳಿಬಿಟ್ಟರೆ ಆ ಚಟ ಬೇಗ ಬಿಡುತ್ತದೆ. 3ನೇ ಶತಮಾನದ ಆರಂಭದಲ್ಲಿ ಹಿಪ್ಪೊಲಿಟಸ್ ಎಂಬ ಕ್ರೈಸ್ತ ಲೇಖಕ ದಾನಿಯೇಲನ ಗ್ರಂಥಕ್ಕೆ ಬರೆದ ವ್ಯಾಖ್ಯಾನದಲ್ಲಿ ಎರಡು ಪ್ರಸಂಗಗಳಿವೆ. ಸಿರಿಯಾದ ಒಬ್ಬ ಸಭಾನಾಯಕ ಕ್ರಿಸ್ತನನ್ನು ಎದುರುಗೊಳ್ಳೋಣ ಎಂದು ಹೆಂಗಸರು ಮಕ್ಕಳ ಸಮೇತ ಜನರನ್ನು ಅರಣ್ಯಕ್ಕೆ ಕರೆದುಕೊಂಡು ಹೋದ. ಬೆಟ್ಟದಲ್ಲಿ ದಾರಿ ತಪ್ಪಿ ಅಲೆಯುತ್ತಿದ್ದವರನ್ನು ಅಲ್ಲಿಯ ಅಧಿಕಾರಿ ದರೋಡೆಕೋರರೆಂದು ತಿಳಿದು ಕೊಲ್ಲಿಸುವುದರಲ್ಲಿದ್ದ; ಅವನ ಹೆಂಡತಿ ವಿಶ್ವಾಸಿಯಾಗಿದ್ದದ್ದರಿಂದ ಬದುಕಿದರು. ಇನ್ನೊಬ್ಬ ಕಪ್ಪು ಸಮುದ್ರದ ದಕ್ಷಿಣ ದಡದ ಪೊಂತದವನು. ಕನಸು ಕಂಡು, ವರ್ಷದೊಳಗೆ ನ್ಯಾಯತೀರ್ಪು ಎಂದು ಸಾರಿದ. ಜನ ಹೊಲ ಬಿಟ್ಟರು, ಇದ್ದದ್ದನ್ನು ಮಾರಿಕೊಂಡರು. ವರ್ಷ ಕಳೆಯಿತು, ತೀರ್ಪು ಬರಲಿಲ್ಲ.

ಮುಂದೆಯೂ ಇದೇ ಹಾಡು. ಗಣಿತದಲ್ಲಿ ಹೆಸರು ಮಾಡಿದ ಮಿಖಾಯೆಲ್ ಸ್ಟೀಫೆಲ್ ಪ್ರೊಟೆಸ್ಟಂಟ್ ಸುಧಾರಕ ಮಾರ್ಟಿನ್ ಲೂಥರರ ಗೆಳೆಯ, ಜರ್ಮನಿಯ ಒಂದು ಹಳ್ಳಿಯ ಸಭಾಪಾಲಕ. ಬೈಬಲಿನ ಅಕ್ಷರಗಳನ್ನು ಅಂಕಿಗೆ ತಿರುಗಿಸಿ 1533ರ ಅಕ್ಟೋಬರಿನ ಒಂದು ಬೆಳಿಗ್ಗೆ ಎಂಟು ಗಂಟೆ ಎಂದು ಗಳಿಗೆ ಸಮೇತ ಹೇಳಿದರು. ಲೂಥರ್ ಬೇಡವೆಂದರೂ ಕೇಳಲಿಲ್ಲ. ಎಂಟು ಹೊಡೆಯಿತು, ಒಂಬತ್ತೂ ಹೊಡೆಯಿತು. ಕೊನೆಗೆ ಸೆರೆಮನೆ ಸೇರಿದರು. ಅಮೆರಿಕದ ವಿಲಿಯಂ ಮಿಲ್ಲರ್ ಹಿಂದೆ ಹೋದವರು 1844ರ ಅಕ್ಟೋಬರ್ 22ರ ರಾತ್ರಿಯಿಡೀ ಕಾದರು. ಹೊಲದಲ್ಲಿ ಆಲೂಗಡ್ಡೆ ಕೀಳದೆ ಬಿಟ್ಟು ಬಂದವರೂ ಅವರಲ್ಲಿದ್ದರು. ದಕ್ಷಿಣ ಕೊರಿಯಾದಲ್ಲಿ 1992ರ ಅಕ್ಟೋಬರ್ 28 ಎಂದು ಸಾರಿದ ಲೀ ಜಾಂಗ್ ರಿಮ್ ಕತೆ ಎಲ್ಲಕ್ಕಿಂತ ಖಾರ. ಜನರಿಂದ ಕೂಡಿಸಿದ ಹಣದಲ್ಲಿ ಆತ ಕೊಂಡಿದ್ದ ಬಾಂಡುಗಳ ಅವಧಿ ಮುಗಿಯುವುದು 1993ಕ್ಕೆ! ವಂಚನೆಗಾಗಿ ಶಿಕ್ಷೆಯಾಯಿತು.

ಇವರೆಲ್ಲರ ನಡುವೆ ನನಗೆ ಗೌರವ ಬರುವುದು ಅಮೆರಿಕದ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ ಅವರ ಕೊನೆಯ ಮಾತಿಗೆ. ರೇಡಿಯೊ ಮತ್ತು ರಸ್ತೆಬದಿಯ ಫಲಕಗಳ ಮೂಲಕ 2011ರ ಮೇ 21 ಎಂದರು, ತಪ್ಪಿದ ಮೇಲೆ ಅದೇ ವರ್ಷ ಅಕ್ಟೋಬರ್ 21 ಎಂದರು. ಆದರೆ 2012ರ ಮಾರ್ಚಿನಲ್ಲಿ, ದಿನ ಹೇಳಲು ಹೋದದ್ದು ಪಾಪ, ಆ ದಿನ ಯಾರಿಗೂ ತಿಳಿಯದು ಎಂದು ವಚನ ತೋರಿಸಿದವರೇ ಸರಿ ಎಂದು ಬರೆದು ಒಪ್ಪಿಕೊಂಡರು. ತೊಂಬತ್ತು ದಾಟಿದ ವಯಸ್ಸಿನಲ್ಲಿ ಹಾಗೆ ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ.

ಫಾರ್ವರ್ಡ್ ಬಂದಾಗ

ಸುಳ್ಳು ಫಾರ್ವರ್ಡ್ ಈ ಕಾಲದ ರೋಗವೆಂದು ಅಂದುಕೊಳ್ಳಬೇಡಿ. ಥೆಸಲೊನೀಕದವರಿಗೆ ಬರೆದ ಎರಡನೇ ಪತ್ರದ 2ನೇ ಅಧ್ಯಾಯ ತೆರೆದು ನೋಡಿ. ಕರ್ತನ ದಿನ ಆಗಲೇ ಬಂದುಬಿಟ್ಟಿದೆ ಎಂದು ನಮ್ಮ ಹೆಸರಿನಲ್ಲಿ ಪತ್ರ ಬಂದರೂ ಬೆದರಬೇಡಿರಿ ಎಂದು ಅಪೊಸ್ತಲ ಪೌಲ ಅಲ್ಲಿ ಎಚ್ಚರಿಸುತ್ತಾನೆ. ಮೊದಲ ಶತಮಾನದಲ್ಲೇ ಖೋಟಾ ಸಂದೇಶ ಓಡಾಡುತ್ತಿತ್ತು.

ಇಂಥದ್ದು ಕೈಗೆ ಬಂದಾಗ ನಾನು ನೋಡುವುದು ಮೂರನ್ನೇ. ದಿನಾಂಕ ಇದೆಯೇ? ಇದ್ದರೆ ಅಲ್ಲಿಗೇ ಸರಿ, ಮುಂದೆ ಓದುವ ಅಗತ್ಯವಿಲ್ಲ. ಹಣ ಕೇಳುತ್ತದೆಯೇ, ಅಥವಾ ಹತ್ತು ಜನಕ್ಕೆ ಕಳಿಸದಿದ್ದರೆ ಕೇಡು ಎನ್ನುತ್ತದೆಯೇ? ಸುವಾರ್ತೆಯಲ್ಲಿ ಅಂಥ ಬೆದರಿಕೆ ಇಲ್ಲ. ಮೂರನೆಯದು, ಇದನ್ನು ಓದಿದ ಮೇಲೆ ಯಾರಿಗಾದರೂ ಒಳ್ಳೆಯದು ಮಾಡಬೇಕು ಅನ್ನಿಸುತ್ತದೆಯೋ, ಬರೀ ಎದೆ ಡವಡವ ಎನ್ನುತ್ತದೆಯೋ? 2014 ಮತ್ತು 2015ರಲ್ಲಿ ಸಾಲಾಗಿ ನಾಲ್ಕು ಪೂರ್ಣ ಚಂದ್ರಗ್ರಹಣಗಳು ಬಂದಾಗ ಅಂತ್ಯದ ಗುರುತಾದ ರಕ್ತಚಂದ್ರ ಎಂದು ಎಷ್ಟು ಗದ್ದಲವಾಯಿತು! ಗ್ರಹಣ ಯಾವಾಗ ಎಂಬುದನ್ನು ಖಗೋಳದವರು ನಿಮಿಷ ಸಮೇತ ನೂರಾರು ವರ್ಷ ಮೊದಲೇ ಹೇಳಬಲ್ಲರು. ತಂದೆಗೆ ಮಾತ್ರ ಗೊತ್ತಿರುವ ಗುಟ್ಟು ಕ್ಯಾಲೆಂಡರಿನಲ್ಲಿ ಅಚ್ಚಾಗಿರುವುದಿಲ್ಲ. ಪ್ರಕಟನೆ ಗ್ರಂಥದಲ್ಲಿ ಬರುವ ಮೃಗದ 666ರ ಗುರುತು ಎಂದು ಮೊದಲು ಬಾರ್‌ಕೋಡ್ ತೋರಿಸಿದರು, ಆಮೇಲೆ ಆಧಾರ್, ಆಮೇಲೆ ಲಸಿಕೆ. ಲಸಿಕೆ ಬೇಡವೆಂದ ಮನೆಗಳನ್ನು ನಾನೇ ಬಲ್ಲೆ. ಅಲ್ಲಿ ಆದ ನಷ್ಟ ಹಾಸ್ಯಕ್ಕೆ ಬರುವಂಥದ್ದಲ್ಲ.

ಬೋಧಕರ ವಿಷಯದಲ್ಲಿ ಇನ್ನೂ ಬಿಗಿಯಾಗಿರಬೇಕು. ಯಾರಾದರೂ ಕೆಲಸ ಬಿಡು, ಮಕ್ಕಳನ್ನು ಶಾಲೆಯಿಂದ ಬಿಡಿಸು, ಔಷಧ ನಿಲ್ಲಿಸು, ಹೊಲಮನೆ ಮಾರಿ ತಂದು ಕೊಡು, ಮನೆಯವರ ಜೊತೆ ಮಾತು ಬಿಡು ಎಂದರೆ, ಆ ಸಭೆಯಿಂದ ಅದೇ ದಿನ ಎದ್ದು ಬನ್ನಿ. ಕೀನ್ಯಾದ ಶಕಹೋಲಾ ಕಾಡಿನಲ್ಲಿ 2023ರಲ್ಲಿ ನಾಲ್ಕು ನೂರಕ್ಕೂ ಹೆಚ್ಚು ಶವಗಳನ್ನು ಅಗೆದು ತೆಗೆದರು. ಕ್ರಿಸ್ತನನ್ನು ಬೇಗ ಕಾಣಬೇಕಾದರೆ ಅನ್ನನೀರು ಬಿಡಬೇಕು ಎಂಬ ಬೋಧನೆ ನಂಬಿ ಹೋದವರು ಅವರು, ಮಕ್ಕಳೂ ಇದ್ದರು. ನಮ್ಮವರಲ್ಲಿ ಯಾರಾದರೂ ಹೀಗೆ ಸಿಕ್ಕಿಕೊಂಡಿದ್ದರೆ ವಾದಕ್ಕೆ ಇಳಿಯುವುದಕ್ಕಿಂತ ದಿನಾ ಒಂದು ಫೋನ್ ಮಾಡುವುದು ಹೆಚ್ಚು ಕೆಲಸ ಮಾಡುತ್ತದೆ. ಮಕ್ಕಳಿಗೆ ಅಪಾಯ ಎನಿಸಿದರೆ 1098ಕ್ಕೆ ಕರೆ ಮಾಡಿ. ಅದು ಮಕ್ಕಳ ಸಹಾಯವಾಣಿ.

ರಾತ್ರಿಯ ಹತ್ತು ನಿಮಿಷ

ದೀಪ ಹಿಡಿದು ಮದಲಿಂಗನನ್ನು ಎದುರುಗೊಳ್ಳಲು ಹೋದ ಹತ್ತು ಕನ್ಯೆಯರಲ್ಲಿ ಐವರು ಬುದ್ಧಿವಂತೆಯರು ಎಣ್ಣೆಯನ್ನೂ ಒಯ್ದರು, ಉಳಿದ ಐವರು ಒಯ್ಯಲಿಲ್ಲ ಎಂಬ ಸಾಮ್ಯವನ್ನು ಎಷ್ಟೋ ಸಲ ಕೇಳಿದ್ದೇವೆ. ಆದರೂ ಒಂದು ಮಾತು ಜಾರಿ ಹೋಗುತ್ತದೆ. ಮದಲಿಂಗ ತಡಮಾಡಿದಾಗ ಹತ್ತು ಮಂದಿಯೂ ತೂಕಡಿಸಿ ಮಲಗಿದರು. ಬುದ್ಧಿವಂತೆಯರೂ ಮಲಗಿದರು! ನಿದ್ದೆ ಮಾಡಿದ್ದು ತಪ್ಪು ಎಂದು ಅಲ್ಲಿ ಯಾರೂ ಬೈಯುವುದಿಲ್ಲ. ವ್ಯತ್ಯಾಸ ಇದ್ದದ್ದು ಎಣ್ಣೆಯಲ್ಲಿ. ಎಚ್ಚರವಾಗಿರಿ ಎಂದರೆ ಕಣ್ಣಿಗೆ ನಿದ್ದೆ ಕೊಡಬೇಡಿ ಎಂದಲ್ಲ. ಎಣ್ಣೆ ತುಂಬಿಸಿಟ್ಟು ನೆಮ್ಮದಿಯಾಗಿ ಮಲಗಿ ಎಂದೇ ನಾನು ಅರ್ಥ ಮಾಡಿಕೊಂಡಿದ್ದೇನೆ.

ಹಾಗಾಗಿ ಮಲಗುವ ಮುಂಚೆ ಹತ್ತು ನಿಮಿಷ ಇಟ್ಟುಕೊಳ್ಳಿರಿ. ಫೋನನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿ ಬನ್ನಿ, ಇಲ್ಲವಾದರೆ ಈ ಹತ್ತು ನಿಮಿಷ ಸಿಗುವುದೇ ಇಲ್ಲ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಯಾರ್ಯಾರನ್ನು ಕಂಡಿರೋ ಅವರ ಮುಖಗಳನ್ನು ಒಂದೊಂದಾಗಿ ನೆನಪಿಗೆ ತಂದುಕೊಳ್ಳಿ. ತರಕಾರಿಯವಳು, ಆಫೀಸಿನ ಸಾಹೇಬರು, ಬಸ್ಸಿನಲ್ಲಿ ಸೀಟಿಗೆ ಜಗಳಾಡಿದವನು. ಯಾರ ಮುಖ ನೆನಪಾದಾಗ ಮನಸ್ಸು ಚುರುಕ್ ಎನ್ನುತ್ತದೋ ಅಲ್ಲಿ ನಿಲ್ಲಿಸಿ. ಅಷ್ಟು ಹೊತ್ತಿಗೆ ಕ್ಷಮೆ ಕೇಳಬೇಕಾದದ್ದು ಯಾರಿಗೆ ಎಂದು ಗೊತ್ತಾಗಿರುತ್ತದೆ. ದೇವರಿಗೆ ಅಲ್ಲೇ ಹೇಳಿ. ಮನುಷ್ಯರಿಗೆ ಬೆಳಿಗ್ಗೆ ಹೇಳುವುದಾಗಿ ಒಂದು ಚೀಟಿಯಲ್ಲಿ ಬರೆದಿಡಿ. ಆಮೇಲೆ 4ನೇ ಕೀರ್ತನೆಯ ಕೊನೆಯ ವಚನ, ಇಲ್ಲವೆ ಲೂಕ 2ರಲ್ಲಿ ಮುದುಕ ಸಿಮೆಯೋನ ಮಗುವನ್ನು ಎತ್ತಿಕೊಂಡು ಹಾಡಿದ ಪ್ರಾರ್ಥನೆ. ಇನ್ನು ನಿನ್ನ ದಾಸನನ್ನು ಸಮಾಧಾನದಿಂದ ಕಳಿಸಿಕೊಡು ಎಂಬ ಆ ಮಾತನ್ನು ಕ್ರೈಸ್ತರು ನೂರಾರು ವರ್ಷಗಳಿಂದ ರಾತ್ರಿಯ ಪ್ರಾರ್ಥನೆಯಲ್ಲಿ ಹೇಳುತ್ತಾ ಬಂದಿದ್ದಾರೆ. ಕಥೋಲಿಕ ಓದುಗರಿಗೆ ಪಾಪನಿವೇದನೆ ಇದೆ. ಹಬ್ಬ ಬರಲಿ ಎಂದು ಅದನ್ನು ಮುಂದೂಡಬೇಡಿ.

ಜಗಳದ ಬಾಕಿ

ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ, ಅದಕ್ಕೇ ಹೆಚ್ಚು ಹೊತ್ತು ಇಲ್ಲೇ ನಿಲ್ಲುತ್ತೇನೆ. ಕಾಣಿಕೆಯನ್ನು ಯಜ್ಞವೇದಿಯ ಹತ್ತಿರ ತಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು ಎನ್ನುತ್ತದೆ ಮತ್ತಾಯ 5:23–24. ಮಾತಿನ ತಿರುವು ನೋಡಿ. ನಿನಗೆ ಅವನ ಮೇಲೆ ಇದ್ದರೆ ಎಂದಿಲ್ಲ, ಅವನಿಗೆ ನಿನ್ನ ಮೇಲೆ ಇದ್ದರೆ ಎಂದಿದೆ. ತಪ್ಪು ನನ್ನದಲ್ಲ, ಅವನೇ ಬರಲಿ ಎಂಬ ನೆಪ ಅಲ್ಲಿಗೆ ಹೋಯಿತು.

ಒಂದು ಹಾಳೆ ತೆಗೆದುಕೊಂಡು ಹೆಸರು ಬರೆಯಿರಿ. ನಮ್ಮ ಕಡೆ ಸಾಮಾನ್ಯವಾಗಿ ಬರುವವು ಇವೇ: ಹೊಲದ ಬದುವಿನ ಜಗಳದಲ್ಲಿ ಮಾತು ಬಿಟ್ಟ ಅಣ್ಣತಮ್ಮ, ಮದುವೆಯಲ್ಲಿ ಕರೆಯದ ಸೋದರಮಾವ, ಬೇರೆ ಸಭೆಗೆ ಹೋದಳೆಂದು ದೂರವಾದ ಅತ್ತಿಗೆ, ಸಭೆಯ ಕಮಿಟಿ ಚುನಾವಣೆಯಲ್ಲಿ ಮುರಿದ ಗೆಳೆತನ. ಈ ಕೊನೆಯದು ಪ್ರತಿ ಸಭೆಯಲ್ಲೂ ಇದೆ, ಯಾರೂ ಬಾಯಿ ಬಿಡುವುದಿಲ್ಲ. ಪಟ್ಟಿಯಲ್ಲಿ ಸುಲಭದ್ದನ್ನು ಮೊದಲು ಎತ್ತಿಕೊಳ್ಳಿ. ಹತ್ತು ವರ್ಷದ ಗಂಟನ್ನು ಮೊದಲ ದಿನವೇ ಬಿಚ್ಚಲು ಹೋದರೆ ಉಗುರು ಮುರಿಯುತ್ತದೆ.

ಮೆಸೇಜ್ ಬೇಡ. ಫೋನ್ ಮಾಡಿ, ಆದರೆ ಇಷ್ಟೇ ಹೇಳಿ: "ಒಂದಿನ ಬಂದು ಹೋಗಲೇ?" ಹೋದಾಗ ಹಳೆಯ ಕಡತ ಬಿಚ್ಚಬೇಡಿ. ನಿಮ್ಮ ಪಾಲಿನ ತಪ್ಪನ್ನು ಒಂದೇ ಮಾತಿನಲ್ಲಿ ಹೇಳಿ. ಆ ಮಾತಿನಲ್ಲಿ "ಆದರೆ" ಎಂಬ ಪದ ಇರಬಾರದು. ಅವರು ಒಪ್ಪದೆ ಬಾಗಿಲು ಹಾಕಿದರೂ ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು. ನಿಮ್ಮಿಂದಾದ ಮಟ್ಟಿಗೆ ಎಲ್ಲರ ಸಂಗಡ ಸಮಾಧಾನದಿಂದಿರಿ ಎಂದಿದ್ದಾನೆ ಪೌಲ, ಆದಷ್ಟು ಮಟ್ಟಿಗೆ. ಒಂದು ಮಾತು ಒತ್ತಿ ಹೇಳಬೇಕು. ಹೊಡೆಯುವ ಗಂಡ, ಕಿರುಕುಳ ಕೊಟ್ಟವರು, ಇಂಥವರ ಮನೆಬಾಗಿಲಿಗೆ ನೀವೇ ಹೋಗಬೇಕೆಂದು ಈ ವಚನ ಹೇಳುತ್ತಿಲ್ಲ. ಅಲ್ಲಿ ಮೊದಲು ನಿಮ್ಮ ಸುರಕ್ಷೆ. ಕ್ಷಮೆಯ ಪ್ರಶ್ನೆಯನ್ನು ದೂರದಿಂದ, ನಂಬುವ ಹಿರಿಯರೊಬ್ಬರ ಜೊತೆ ಕೂತು ಯೋಚಿಸಿದರಾಯಿತು.

ಕಾಗದಪತ್ರ

ಆತ್ಮಿಕ ಬರಹದಲ್ಲಿ ಇದೆಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ಲೋಕದ ಅಂತ್ಯಕ್ಕಿಂತ ಮುಂಚೆ ನಮ್ಮ ನಮ್ಮ ಅಂತ್ಯ ಬರುವ ಸಂಭವವೇ ಹೆಚ್ಚು, ಅದಕ್ಕೂ ತಿಥಿ ಇಲ್ಲ. ಲೂಕ 12ರ ಐಶ್ವರ್ಯವಂತ ಕಣಜ ಕಿತ್ತು ದೊಡ್ಡದು ಕಟ್ಟಿಸುವ ಯೋಚನೆಯಲ್ಲಿದ್ದಾಗಲೇ, ಈ ರಾತ್ರಿ ನಿನ್ನ ಪ್ರಾಣ ಕೇಳಿದರೆ ಕೂಡಿಸಿಟ್ಟದ್ದು ಯಾರದಾಗುವುದು ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಇಟ್ಟು ಹೋಗದ ಮನೆಗಳಲ್ಲಿ ಮಕ್ಕಳು ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ.

ಕ್ರೈಸ್ತರ ಆಸ್ತಿ ಹಂಚಿಕೆಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ವಿಲ್ ಬರೆಯದೆ ತೀರಿಕೊಂಡರೆ, ಮಕ್ಕಳಿದ್ದ ಪಕ್ಷದಲ್ಲಿ ಹೆಂಡತಿಗೆ ಅಥವಾ ಗಂಡನಿಗೆ ಮೂರನೇ ಒಂದು ಪಾಲು, ಉಳಿದ ಮೂರನೇ ಎರಡು ಮಕ್ಕಳಿಗೆ. ಗಂಡು ಹೆಣ್ಣು ಎಂಬ ಭೇದವಿಲ್ಲ. ಬೇರೆ ರೀತಿ ಹಂಚಬೇಕೆಂದಿದ್ದರೆ ವಿಲ್ ಬರೆಯಬೇಕು. ಅದಕ್ಕೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿದರೆ ಮುಂದೆ ತಕರಾರು ಕಡಿಮೆ. ನೀವು ಸಹಿ ಮಾಡಿದ್ದನ್ನು ನೋಡಿದ, ಇಲ್ಲವೆ ಇದು ನನ್ನ ಸಹಿ ಎಂದು ನಿಮ್ಮ ಬಾಯಿಂದ ಕೇಳಿದ ಇಬ್ಬರು ಸಾಕ್ಷಿಗಳು ನಿಮ್ಮ ಮುಂದೆ ಸಹಿ ಹಾಕಬೇಕು. ಇಬ್ಬರೂ ಒಂದೇ ಹೊತ್ತಿಗೆ ಇರಲೇಬೇಕೆಂದಿಲ್ಲ.

ನಮ್ಮವರು ಎಡವುವುದು ಎರಡು ಕಡೆ. ಸಾಕ್ಷಿ ಹಾಕಿದವರಿಗೆ, ಅಥವಾ ಅವರ ಗಂಡ ಇಲ್ಲವೆ ಹೆಂಡತಿಗೆ, ವಿಲ್‌ನಲ್ಲಿ ಏನಾದರೂ ಬರೆದಿದ್ದರೆ ಆ ಕೊಡುಗೆ ಅಸಿಂಧು. ಹಿರಿ ಮಗನನ್ನೇ ಸಾಕ್ಷಿ ಮಾಡಿ ಅವನಿಗೇ ಮನೆ ಬರೆದವರನ್ನು ನೋಡಿದ್ದೇನೆ. ಇನ್ನೊಂದು, ವಿಲ್ ಬರೆದ ಮೇಲೆ ಮದುವೆಯಾದರೆ ಹಳೆಯ ವಿಲ್ ತಾನೇ ರದ್ದಾಗುತ್ತದೆ. ಹೆಂಡತಿ ತೀರಿಕೊಂಡು ಮರುಮದುವೆಯಾದವರು ಇದನ್ನು ಮರೆಯುತ್ತಾರೆ. ಸಭೆಗೋ ಅನಾಥಾಲಯಕ್ಕೋ ಏನಾದರೂ ಬರೆಯಬೇಕೆಂದಿದ್ದರೆ ಮೊದಲು ಒಂದು ವಿಚಿತ್ರ ಅಡ್ಡಿ ಇತ್ತು. ಹತ್ತಿರದ ಬಂಧುಗಳಿದ್ದರೆ ಸಾವಿಗೆ ಕನಿಷ್ಠ ಹನ್ನೆರಡು ತಿಂಗಳು ಮುಂಚೆ ಬರೆದ ವಿಲ್ ಮಾತ್ರ ನಡೆಯುತ್ತಿತ್ತು, ಸಾವಿನ ದಿನ ಮೊದಲೇ ಗೊತ್ತಿರಬೇಕು ಎಂಬ ಹಾಗೆ! ಕೇರಳದ ಪಾದ್ರಿ ಜಾನ್ ವಳ್ಳಮಟ್ಟಂ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ ಆ ಕಲಮನ್ನು ಹೊಡೆದು ಹಾಕಿತು. ವಿಲ್ ಆದ ಮೇಲೆ ಬ್ಯಾಂಕ್ ಪಾಸ್‌ಬುಕ್, ವಿಮೆ, ಪಹಣಿ, ಯಾರಿಗೆ ಎಷ್ಟು ಕೊಡಬೇಕು ಎಂಬ ಕೈಸಾಲದ ಲೆಕ್ಕ, ಎಲ್ಲವೂ ಒಂದೇ ಡಬ್ಬಿಯಲ್ಲಿ ಇರಲಿ. ಡಬ್ಬಿ ಎಲ್ಲಿದೆ ಎಂದು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ.

ಕೈಯಲ್ಲಿರುವ ಕೆಲಸ

ಅಂತ್ಯ ಹತ್ತಿರವಿದೆ ಎಂದು ಕೆಲಸ ಬಿಟ್ಟವರು ಥೆಸಲೊನೀಕದಲ್ಲೂ ಇದ್ದಂತೆ ಕಾಣುತ್ತದೆ. ಕೆಲಸ ಮಾಡಲೊಲ್ಲದವನು ಊಟವನ್ನೂ ಮಾಡಬಾರದು ಎಂಬ ಪೌಲನ ಖಡಕ್ ಮಾತು ಅವರಿಗೇ ಬರೆದ ಪತ್ರದಲ್ಲಿದೆ.

ಈ ವಿಷಯಕ್ಕೆ ನನ್ನ ಇಷ್ಟದ ಪ್ರಸಂಗ 1780ರ ಮೇ 19ರದ್ದು. ಅಮೆರಿಕದ ಈಶಾನ್ಯ ಭಾಗದಲ್ಲಿ ಅಂದು ಹಗಲಿಗೇ ಕತ್ತಲಾಯಿತು. ಕೋಳಿಗಳು ಗೂಡು ಸೇರಿದವು, ಜನ ನ್ಯಾಯತೀರ್ಪಿನ ದಿನವೇ ಬಂತೆಂದು ಮೊಣಕಾಲೂರಿದರು. ಕೆನಡಾ ಕಡೆಯ ಕಾಡುಗಿಚ್ಚಿನ ಹೊಗೆ ಅದಕ್ಕೆ ಕಾರಣ ಎಂದು ಈಗ ಗೊತ್ತಾಗಿದೆ. ಅಂದು ಕನೆಕ್ಟಿಕಟ್‌ನ ಶಾಸಕಾಂಗ ಕೂಡಿತ್ತು. ಸಭೆ ಮುಗಿಸಿ ಮನೆಗೆ ಹೋಗೋಣ ಎಂದು ಕೆಲವರು ಎದ್ದರು. ಅಬ್ರಹಾಂ ಡ್ಯಾವೆನ್‌ಪೋರ್ಟ್ ಎಂಬ ಸದಸ್ಯರು ಒಪ್ಪಲಿಲ್ಲ. ಅದು ತೀರ್ಪಿನ ದಿನವಲ್ಲದಿದ್ದರೆ ಎದ್ದು ಹೋಗಲು ಕಾರಣವಿಲ್ಲ, ಹೌದಾದರೆ ನನ್ನ ಕರ್ತವ್ಯ ಮಾಡುತ್ತಿರುವಾಗಲೇ ಕಾಣಿಸಿಕೊಳ್ಳಲು ಇಷ್ಟ, ಮೇಣದಬತ್ತಿ ತರಿಸಿರಿ ಎಂದರಂತೆ. ಇದಕ್ಕೆ ಹೋಲುವ ಇನ್ನೊಂದು ಮಾತು ನಮ್ಮ ಗ್ರೂಪುಗಳಲ್ಲಿ ಓಡಾಡುತ್ತದೆ. ನಾಳೆ ಲೋಕ ಮುಗಿದರೂ ಇಂದು ಸೇಬಿನ ಗಿಡ ನೆಡುತ್ತೇನೆ ಎಂದು ಲೂಥರ್ ಹೇಳಿದರು ಎಂಬುದು. ಲೂಥರರ ಬರಹಗಳಲ್ಲಿ ಅದಿಲ್ಲ. ಬರವಣಿಗೆಯಲ್ಲಿ ಅದು ಸಿಗುವುದು 1944ರಿಂದ ಈಚೆಗೆ. ಮಾತು ಚೆನ್ನಾಗಿದೆ, ಸಭೆಯಲ್ಲಿ ಹೇಳುವವರು ಲೂಥರರ ಹೆಸರು ಬಿಟ್ಟು ಹೇಳಿದರಾಯಿತು.

ರೈತರಿಗೆ ಈ ಪಾಠ ಹೇಳಿಕೊಡಬೇಕಿಲ್ಲ. ಯಾಕೋಬ 5:7ರಲ್ಲಿ ಕರ್ತನ ಬರೋಣಕ್ಕೆ ಕಾಯುವವರಿಗೆ ಮಾದರಿಯಾಗಿ ಕೊಟ್ಟದ್ದು ಮಳೆ ಕಾಯುವ ಒಕ್ಕಲಿಗನನ್ನು. ಕನ್ನಡ ಬೈಬಲ್ ಅಲ್ಲಿ ಮುಂಗಾರು, ಹಿಂಗಾರು ಎಂದೇ ಹೇಳುತ್ತದೆ. ಬೈಬಲಿನ ನಾಡಾದ ಪ್ಯಾಲೆಸ್ತೀನಿನಲ್ಲಿ ಮೊದಲ ಮಳೆ ಅಕ್ಟೋಬರ್ ಸುಮಾರಿಗೆ ಬಿದ್ದು ನೆಲ ಹದ ಮಾಡುತ್ತದೆ, ಕೊನೆಯ ಮಳೆ ಮಾರ್ಚ್–ಏಪ್ರಿಲಿನಲ್ಲಿ ಕಾಳು ತುಂಬಿಸುತ್ತದೆ. ತಿಂಗಳು ಬೇರೆ, ಕಾಯುವ ಪರಿ ನಮ್ಮದೇ. ಮಳೆ ಕಾಯುವ ರೈತ ಕೈಕಟ್ಟಿ ಕೂರುವುದಿಲ್ಲ, ರಂಟೆ ಹೊಡೆದು ಬೀಜ ಹಸನು ಮಾಡಿಟ್ಟುಕೊಳ್ಳುತ್ತಾನೆ. ಹಾಗೆಯೇ ಮಗಳ ಕಾಲೇಜು ಫೀ ಕಟ್ಟಿ, ಬಾವಿ ತೆಗೆಸಿ, ಡಿಪ್ಲೊಮಾ ಮುಗಿಸಿ. ಮಾತಿನ ಮುಂದೆ "ಕರ್ತನ ಚಿತ್ತವಾದರೆ" ಎಂದು ಸೇರಿಸಿಕೊಂಡರೆ ಸಾಕು, ಅದನ್ನು ಕಲಿಸಿದವನೂ ಯಾಕೋಬನೇ.

ಎರಡು ರೊಟ್ಟಿ

ಮತ್ತಾಯ 25ರ ಕೊನೆಯ ಚಿತ್ರದಲ್ಲಿ ಆರು ಕೆಲಸಗಳಿವೆ: ಹಸಿದವರಿಗೆ ಊಟ, ಬಾಯಾರಿದವರಿಗೆ ನೀರು, ಪರದೇಶಿಗೆ ಆಶ್ರಯ, ಬಟ್ಟೆ ಇಲ್ಲದವರಿಗೆ ಬಟ್ಟೆ, ರೋಗಿಯ ಆರೈಕೆ, ಸೆರೆಯಲ್ಲಿರುವವರ ಭೇಟಿ. ಆರನ್ನೂ ಹಿಡಿಯಲು ಹೋಗಿ ಯಾವುದನ್ನೂ ಮಾಡದೆ ಬಿಡುವುದಕ್ಕಿಂತ ಒಂದನ್ನು ಹಿಡಿಯಿರಿ, ವಾರಕ್ಕೊಂದು ದಿನ ಗೊತ್ತು ಮಾಡಿರಿ. ಜಿಲ್ಲಾ ಆಸ್ಪತ್ರೆಯಲ್ಲಿ ರೋಗಿಯ ಜೊತೆ ಬಂದವರಿಗೆ ಊಟ ಸಿಗುವುದು ಎಲ್ಲಾ ಕಡೆ ಸುಲಭವಲ್ಲ; ಇಬ್ಬರಿಗೆ ಬುತ್ತಿ ಕಟ್ಟಿಕೊಂಡು ಹೋಗಿ. ಫೋಟೊ ತೆಗೆಯಬೇಡಿ. ಆ ಸಾಮ್ಯದಲ್ಲಿ ಒಳ್ಳೆಯದು ಮಾಡಿದವರಿಗೆ ತಾವು ಮಾಡಿದ್ದು ನೆನಪೇ ಇರುವುದಿಲ್ಲ, ಯಾವಾಗ ಮಾಡಿದೆವು ಸ್ವಾಮಿ ಎಂದು ಕೇಳುತ್ತಾರೆ.

ಮಕ್ಕಳಿಗೆ ಹೇಗೆ ಹೇಳುವುದು

ನನಗೆ ಆಗ ಒಂಬತ್ತು ವರ್ಷ. ಎತ್ತಲ್ಪಡುವುದರ ಬಗ್ಗೆ ಹಿಂದಿನ ರಾತ್ರಿ ಒಂದು ಕೂಟದಲ್ಲಿ ಕೇಳಿದ್ದೆ. ಹೊಲದಲ್ಲಿ ಇಬ್ಬರಿರುವರು, ಒಬ್ಬನು ತೆಗೆದುಕೊಳ್ಳಲ್ಪಡುವನು. ಮರುದಿನ ಶಾಲೆಯಿಂದ ಬಂದರೆ ಮನೆ ಬಾಗಿಲು ತೆರೆದಿದೆ, ಒಲೆಯ ಮೇಲೆ ಚಹಾ ಕುದಿಯುತ್ತಿದೆ, ಒಳಗೆ ಒಂದು ನರಪಿಳ್ಳೆ ಇಲ್ಲ. ಎಲ್ಲರನ್ನೂ ಕರ್ತನು ಕರೆದುಕೊಂಡ, ಗೋಲಿ ಕದ್ದದ್ದಕ್ಕೆ ನನ್ನೊಬ್ಬನನ್ನು ಬಿಟ್ಟುಹೋದ ಎಂದು ಅಂಗಳದಲ್ಲಿ ಕೂತು ಅತ್ತೆ. ಅವ್ವ ಪಕ್ಕದ ಮನೆಯಲ್ಲಿ ಶಾವಿಗೆ ಹೊಸೆಯುತ್ತಿದ್ದಳು. ಈಗ ನಗುತ್ತೇನೆ. ಆಮೇಲೆ ಎಷ್ಟೋ ತಿಂಗಳು ಅವ್ವನ ಸೆರಗು ಹಿಡಿದೇ ಮಲಗಿದ್ದೂ ನೆನಪಿದೆ.

ಸಂಡೇ ಸ್ಕೂಲಿನಲ್ಲಿ ನಾನು ಪಾಲಿಸಿದ್ದು ಇಷ್ಟು. ಹತ್ತು ವರ್ಷದೊಳಗಿನವರಿಗೆ ಸಂಕಟಕಾಲ, ಮೃಗ, ಮುದ್ರೆ ಯಾವುದೂ ಬೇಡ. ಬರುವವನು ಯಾರು ಎಂಬುದನ್ನು ಮೊದಲು ಹೇಳಬೇಕು: ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡವನು, ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು ಶಿಷ್ಯರಿಗೆ ಬಡಿಸಿದವನು. ಗುರುತಿನವರು ಬರುವಾಗ ಮಗು ಹೆದರುವುದಿಲ್ಲ. ದೊಡ್ಡ ಮಕ್ಕಳು ತಾವಾಗಿ ಕೇಳಿದರೆ ಸುಳ್ಳು ಹೇಳಬೇಡಿ. ಯಾವಾಗ ಎಂದು ನನಗೂ ಗೊತ್ತಿಲ್ಲ ಎನ್ನಿ, ಅದು ಬೈಬಲಿನದೇ ಉತ್ತರ. ಹೋಮ್‌ವರ್ಕ್ ಮಾಡಿಸುವುದಕ್ಕೆ, ಮಲಗಿಸುವುದಕ್ಕೆ ಕರ್ತನ ಬರೋಣವನ್ನು ಗುಮ್ಮನ ಹಾಗೆ ಬಳಸಬೇಡಿ.

ಸಭೆಯ ವರ್ಷದಲ್ಲಿ ಈ ಕಾಯುವಿಕೆಗೆಂದೇ ಒಂದು ಕಾಲವಿದೆ, ನವೆಂಬರ್ 30ಕ್ಕೆ ಹತ್ತಿರದ ಭಾನುವಾರ ಶುರುವಾಗುವ ಆಗಮನ ಕಾಲ. ನಾವು ಅದನ್ನು ಕ್ರಿಸ್ಮಸ್ ಖರೀದಿಯ ತಿಂಗಳು ಮಾಡಿಕೊಂಡಿದ್ದೇವೆ. ನಾಲ್ಕು ಭಾನುವಾರಗಳಲ್ಲಿ ಒಂದೊಂದಕ್ಕೆ ಮೇಲಿನ ಒಂದೊಂದು ಕೆಲಸ ಇಟ್ಟುಕೊಂಡರೂ ಆದೀತು: ಓದು, ಜಗಳ, ಕಾಗದ, ಬುತ್ತಿ. ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಹೋದಾಗ, ಆತನು ಬರುವ ತನಕ ಆತನ ಮರಣವನ್ನು ಪ್ರಸಿದ್ಧಿಪಡಿಸುತ್ತೀರಿ ಎಂಬ ಮಾತಿಗೆ ಕಿವಿ ಕೊಡಿ. ಅರಮಾಯ ಭಾಷೆಯಲ್ಲಿ ಮೊದಲ ವಿಶ್ವಾಸಿಗಳು ಹೇಳುತ್ತಿದ್ದ "ಮಾರನಾಥ", ನಮ್ಮ ಕರ್ತನೇ ಬಾ ಎಂಬುದು, 1 ಕೊರಿಂಥ 16ರಲ್ಲಿ ಹಾಗೆಯೇ ಉಳಿದಿದೆ. ಹೆದರಿದವರು ಯಾರನ್ನೂ ಬಾ ಎಂದು ಕರೆಯುವುದಿಲ್ಲ.

ಇಷ್ಟು ಬರೆದ ಮೇಲೆ ನನ್ನದನ್ನೂ ಹೇಳಿಬಿಡುತ್ತೇನೆ. ಪಟ್ಟಿಯಲ್ಲಿದ್ದ ಐದು ಹೆಸರುಗಳಲ್ಲಿ ಮೂರಕ್ಕೆ ಗೀಟು ಬಿದ್ದಿದೆ. ಡಬ್ಬಿ ತಯಾರಿದೆ. ವಿಲ್‌ಗೆ ಒಬ್ಬ ಸಾಕ್ಷಿಯ ಸಹಿ ಆಗಿದೆ, ಎರಡನೆಯದು ಆಗಿಲ್ಲ. ಈ ಭಾನುವಾರ ಆರಾಧನೆ ಮುಗಿದ ಮೇಲೆ, ಕರ್ತನ ಚಿತ್ತವಾದರೆ, ಹಿಂದಿನ ಬೀದಿಯ ಮಾಸ್ತರರನ್ನು ಕೇಳಬೇಕು. ಪಟ್ಟಿಯ ನಾಲ್ಕನೇ ಹೆಸರು ಅವರದೇ.